ನಿಶ್ಚಿತಾರ್ಥದ ದಿನದ ಪಿಕಳಾರ

ರಾಮನಗರ
೧೨ ಮಾರ್ಚ್ ೨೦೨೫, ಬುಧವಾರ

ಅಮ್ಮನಿಗೆ ಮೇಘನಾ ಮಾಡುವ ನಮಸ್ಕಾರ.

ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕು. ಬರೆಯುತ್ತೇನೆ, ಆದರೆ ಸುಸ್ತಾಗಿದ್ದೇನೆ ಅಮ್ಮ. ಮೈಗೆ ಏನೂ ಆಗಿಲ್ಲ, ಗಾಬರಿಯಾಗಿ ಅಪ್ಪನನ್ನು ಅಂಗಡಿಯಿಂದ ಕರೆಸಬೇಡ. ಫೋನ್ ಬಿಟ್ಟು ಕಾಗದ ಹಿಡಿದದ್ದು ಯಾಕೆಂದು ನಿನಗೇ ಗೊತ್ತು. ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಅಳುತ್ತೀಯ, ಇಲ್ಲವೇ ಸ್ಪೀಕರ್ ಹಾಕಿ ಚಿಕ್ಕಪ್ಪನ ಕೈಗೆ ಕೊಡುತ್ತೀಯ. ಕಾಗದಕ್ಕೆ ಸ್ಪೀಕರ್ ಇರುವುದಿಲ್ಲ.

ನೀನು ಕೇಳಿದ್ದು ಒಂದೇ. ರುದ್ರಪ್ರಸಾದ್ ಅವರ ತಮ್ಮ, ನಮ್ಮ ರಕ್ಷಿತಾಳಿಗೆ ಮೈದುನನಾಗಬೇಕಾದ ಶಶಿಕಿರಣನ ವರದಿಯನ್ನು ಕಣ್ಣು ಮುಚ್ಚಿಕೊಂಡು ಪಾಸು ಮಾಡು ಎಂದು. "ನಿನ್ನ ತಂಗಿ ಬಾಳು ನಿನ್ನ ಪೆನ್ನಿನ ತುದೀಲೈತೆ ಕಣೇ" ಎಂದೆ. ಆ ಮಾತು ಕೇಳಿದಾಗಿನಿಂದ ಪೆನ್ನು ಹಿಡಿಯುವುದಕ್ಕೇ ಬೇಸರ ಬಂದಿದೆ.

ನನ್ನ ಕೆಲಸ ಏನೆಂದು ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ. ಇಷ್ಟು ವರ್ಷವಾದರೂ ನೆಂಟರಿಗೆ "ನಮ್ ದೊಡ್ಡೋಳು ಪ್ರಾಣಿ ಪಾಠ ಮಾಡ್ತಾಳೆ" ಎನ್ನುತ್ತೀಯ. ಪ್ರಾಣಿ ಪಾಠಕ್ಕೆ ಬೇರೆಯವರಿದ್ದಾರೆ. ವನ್ಯಜೀವಿ ಓದುವ ಬಿ.ಎಸ್ಸಿ. ಮಕ್ಕಳು ಬೆಟ್ಟದಲ್ಲಿ, ಕೆರೆಯಲ್ಲಿ ಕಂಡದ್ದನ್ನು ಕಾಣದವರೂ ನಂಬುವ ಹಾಗೆ ಬರೆಯಲು ಕಲಿಸುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ ಎನ್ನುತ್ತಾರಲ್ಲ, ಅದು. ಚನ್ನಪಟ್ಟಣದ ಹುಡುಗ ತನ್ನೂರಿನ ಕೆರೆಯ ಕಪ್ಪೆಗಳ ಬಗ್ಗೆ ಬರೆದು ತಾ ಎಂದರೆ "ಭಾರತವು ಋಷಿಮುನಿಗಳ ನಾಡು" ಎಂದು ಶುರು ಮಾಡುತ್ತಾನೆ. ಕಪ್ಪೆ ಬರುವುದು ನಾಲ್ಕನೇ ಪುಟಕ್ಕೆ. ಕನಕಪುರದ ಹುಡುಗಿ ಕೃತಜ್ಞತೆಯ ಪುಟದಲ್ಲಿ ಮನೆದೇವರಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರನ್ನೂ ನೆನೆದು, ತನ್ನ ಗದ್ದೆಗೆ ಬಂದ ಆನೆಯನ್ನೂ ನೆನೆದಿದ್ದಾಳೆ. ಅವಳದನ್ನು ಓದಿ ನಕ್ಕೆ, ಆ ದಿನ ನಕ್ಕಿದ್ದು ಅಷ್ಟೇ. ಉಳಿದವರು ಈಗ ಫೋನಿಗೆ ಹೇಳಿ ಬರೆಸುತ್ತಾರೆ. ಎಲ್ಲರದೂ ಒಂದೇ ಎಣ್ಣೆಯಲ್ಲಿ ಕರಿದ ಬೋಂಡದ ಹಾಗೆ ಇರುತ್ತದೆ. ಓದಿ ಓದಿ ಯಾವ ಹುಡುಗ ಯಾವ ಬೆಟ್ಟ ಹತ್ತಿದ ಎನ್ನುವುದೇ ಮರೆತುಹೋಗುತ್ತದೆ.

ಅವರಿಗೆ ನಾನು ಹೇಳುವುದು ದೊಡ್ಡ ವಿದ್ಯೆಯೇನಲ್ಲ. ಭಾನುವಾರ ಭಾನುವಾರ ಒಂದೇ ದಾರಿಯಲ್ಲಿ ನಡೆಯಿರಿ. ಕಂಡದ್ದು ಬರೆಯಿರಿ. ಏನೂ ಕಾಣದಿದ್ದರೆ ಏನೂ ಕಾಣಲಿಲ್ಲ ಎಂದು ಬರೆಯಿರಿ. ಹೋಗದಿದ್ದರೆ ಹೋಗಲಿಲ್ಲ ಎಂದು ಬರೆಯಿರಿ, ಅದಕ್ಕೆ ನಾನು ಅಂಕ ಕಳೆಯುವುದಿಲ್ಲ. ಈ ಕೊನೆಯ ಮಾತನ್ನು ಮಾತ್ರ ಯಾರೂ ನಂಬುವುದಿಲ್ಲ. ಹುಟ್ಟಿದಾಗಿನಿಂದ ಹಾಜರಿ ಕೂಗಿಸಿಕೊಂಡು ಬೆಳೆದ ಮಕ್ಕಳು, ಬರಲಿಲ್ಲ ಎಂದು ತಾವೇ ಬರೆದುಕೊಡುತ್ತಾರೆಯೇ?

ಶಶಿಕಿರಣ ಆರಿಸಿಕೊಂಡದ್ದು ಸಾವನದುರ್ಗದ ಬುಡದ ಕಾಲುದಾರಿ. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಇದೆ, ಬಂಡೆಗಳಿರುವ ಕುರುಚಲು ಕಾಡು ಬಿಟ್ಟು ಬೇರೆ ಕಡೆ ಸಿಗುವುದು ಅಪರೂಪ. ಅದು ಯಾವ ಗಿಡದ ಹಣ್ಣು ತಿನ್ನುತ್ತದೆ ಎಂದು ನೋಡುವುದು ಅವನ ವಿಷಯ. ಹುಡುಗ ದಡ್ಡನಲ್ಲ. ಅವನ ವರದಿ ಓದುತ್ತಾ ಹೋದಂತೆ ಎಷ್ಟೋ ದಿನದ ಮೇಲೆ ಖುಷಿಯಾಯಿತು. ಒಂದು ಭಾನುವಾರವಂತೂ ಜೋಡಿ ಹಕ್ಕಿ ಬಂದು, ಅವನೆದುರೇ ಮರಿಗೆ ಹಣ್ಣು ತಿನ್ನಿಸಿದವು ಎಂದು ಬರೆದಿದ್ದ. ಅವನ ಇಡೀ ತೀರ್ಮಾನ ನಿಂತಿದ್ದೇ ಆ ಜೋಡಿಯ ಮೇಲೆ. ತಾರೀಖು ನೋಡಿದೆ. ಅದು ನಮ್ಮೂರು ಕುದೂರಿನಲ್ಲಿ ರಕ್ಷಿತಾಳ ನಿಶ್ಚಿತಾರ್ಥ ನಡೆದ ಭಾನುವಾರ.

ಅಮ್ಮ, ಆ ದಿನ ಪಂಕ್ತಿಯಲ್ಲಿ ಅವನಿಗೆ ಒಬ್ಬಟ್ಟು ಬಡಿಸಿದವಳೇ ನಾನು. ಸಾಕು ಎನ್ನುವ ಬದಲು ಒಸಿ ತುಪ್ಪ ಹಾಕಿ ಎಂದಿದ್ದ. ಬೆಳಗ್ಗೆಯಾದರೂ ಬೆಟ್ಟಕ್ಕೆ ಹೋಗಿ ಬಂದಿರಬಹುದೇನೋ ಎಂದುಕೊಂಡೆ. ಹೋಗಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ನೀನೇ. "ಎಂಥಾ ಹುಡುಗ, ಕೋಳಿ ಕೂಗೋ ಹೊತ್ತಿಗೇ ಬಂದು ಮಂಟಪದ ಹೂವೆಲ್ಲ ಕಟ್ಟಿಸ್ಬುಟ್ಟ" ಎಂದು ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದೆಯಲ್ಲ.

ಮೌಖಿಕ ಪರೀಕ್ಷೆಯ ದಿನ ಉಳಿದವರ ಮುಂದೆ ಏನೂ ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ಆ ಪುಟ ತೆಗೆದು ಅವನ ಮುಂದಿಟ್ಟೆ. ಕಾಲೇಜಿನಲ್ಲಿ ಮೇಡಂ, ಕುದೂರಿನಲ್ಲಿ ಅಕ್ಕ ಎಂದು ಕರೆಯುವ ಹುಡುಗ ಆಗ ಕಾಲೇಜಿನಲ್ಲಿದ್ದೇನೆ ಎನ್ನುವುದನ್ನೇ ಮರೆತ. "ಒಂದು ವಾರ ಖಾಲಿ ಬುಟ್ರೆ ಚೆನ್ನಾಗ್ ಕಾಣಲ್ಲ ಅಂತ ಬರದ್ಬುಟ್ಟೆ ಅಕ್ಕ. ಹೆಂಗೂ ಅದರ ಹಿಂದಿನ ವಾರ ಒಂದು ಕಂಡಿತ್ತು" ಎಂದ. ಒಂದು ಕಂಡದ್ದನ್ನು ಎರಡು ಮಾಡಿ, ಮರಿಯನ್ನೂ ಕೊಟ್ಟಿದ್ದ. ಅವನಿಗೆ ಬೈಯಲು ಕೂಡ ನನ್ನಲ್ಲಿ ತ್ರಾಣವಿರಲಿಲ್ಲ. ಹೋಗು, ಆಮೇಲೆ ತಿಳಿಸುತ್ತೇನೆ ಎಂದೆ.

ಅವನು ಮಾಗಡಿಯ ಮನೆಗೆ ಹೋಗಿ ಏನು ಹೇಳಿದನೋ, ಸಂಜೆಗೇ ಅವನ ತಾಯಿಯ ಫೋನು ಬಂತು. ವರ್ಷ ಹಾಳಾದರೆ ಎಂ.ಎಸ್ಸಿ. ಸೀಟು ಹೋಗುತ್ತದೆ, ನಮ್ಮ ಹುಡುಗನ ಭವಿಷ್ಯ ಕೆಡಿಸುವ ಮನೆಯಿಂದ ಹೆಣ್ಣು ತರುವುದು ಹೇಗೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ತಾಯಿಯ ಸಂಕಟ ಎಂದು ಸುಮ್ಮನಾಗುತ್ತಿದ್ದೆ. ಪಕ್ಕದಲ್ಲಿದ್ದ ಯಾರೋ ಹೆಂಗಸು "ತನಗಂತೂ ಆಗ್ಲಿಲ್ಲ, ತಂಗಿಗೂ ಆಗಗೊಡಲ್ಲ ಅವ್ಳು" ಎಂದದ್ದು ನನ್ನ ಕಿವಿಗೆ ಬಿತ್ತು. ಮೂವತ್ತಾರು ವರ್ಷಕ್ಕೆ ಇಂಥವನ್ನು ಬೇಕಾದಷ್ಟು ಕೇಳಿದ್ದೇನೆ. ಆದರೂ ನೊಂದುಕೊಂಡೆ, ಅದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಮರುದಿನ ಚಿಕ್ಕಪ್ಪ ಫೋನ್ ಮಾಡಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಏನಾದರೂ ಮಾಡು ಎಂದರು. ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಅವನನ್ನು ಫೇಲು ಮಾಡಬೇಕು ಅನ್ನಿಸಿತ್ತು. ಅವನು ಸುಳ್ಳು ಬರೆದ ಎನ್ನುವುದಕ್ಕಿಂತ ಆ ಹೆಂಗಸಿನ ಮಾತಿಗೆ. ಅದು ಗೊತ್ತಾದ ಮೇಲೆ ಆ ವರದಿ ನನ್ನ ಮೇಜಿನ ಮೇಲೆ ಇರುವುದು ಸರಿಯಲ್ಲ ಅನ್ನಿಸಿತು. ನಮ್ಮ ವಿಭಾಗದ ಫಿರೋಜಾ ಮೇಡಂ ಹತ್ತಿರ ಹೋಗಿ, ಈ ಹುಡುಗ ನಮಗೆ ಬೀಗರಾಗಬೇಕಾದವರ ಮನೆಯವನು, ನಾನು ಮೌಲ್ಯಮಾಪನ ಮಾಡಬಾರದು, ನೀವು ಮಾಡಿ ಎಂದು ಕೊಟ್ಟೆ. ಆ ಭಾನುವಾರದ ವಿಷಯವನ್ನೂ ಹೇಳಿದೆ. ಹೇಳದಿದ್ದರೆ ಅವನು ಬರೆದದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ? ನಿನಗೆ ಇದಕ್ಕೇ ಕೋಪ ಬರುತ್ತದೆ ಎಂದು ಗೊತ್ತು. ಬರಲಿ.

ಫಿರೋಜಾ ಮೇಡಂ ಹುಡುಗನನ್ನು ಕೂರಿಸಿಕೊಂಡು ಉಳಿದ ವಾರಗಳದನ್ನೆಲ್ಲ ಅವನ ಫೋನಿನ ಫೋಟೊಗಳ ಜೊತೆ ಹೋಲಿಸಿ ನೋಡಿದರಂತೆ. ಅವೆಲ್ಲ ಸರಿಯಾಗಿದ್ದವು. ಆ ಒಂದು ದಿನವನ್ನು ಹೊಡೆದುಹಾಕಿಸಿ, "ಅಣ್ಣನ ನಿಶ್ಚಿತಾರ್ಥವಿದ್ದುದರಿಂದ ಹೋಗಲಿಲ್ಲ" ಎಂದು ಅವನ ಕೈಯಲ್ಲೇ ಬರೆಸಿ, ಲೆಕ್ಕವನ್ನೆಲ್ಲ ಮೊದಲಿಂದ ಹಾಕಿಸಿದರು. ಜೋಡಿ ಹೋಯಿತು, ಮರಿ ಹೋಯಿತು, ದೊಡ್ಡ ತೀರ್ಮಾನವೂ ಹೋಯಿತು. ಉಳಿದದ್ದು ಚಿಕ್ಕದು, ಆದರೆ ನಂಬಬಹುದಾದದ್ದು. ಸುಳ್ಳು ಬರೆದದ್ದಕ್ಕೆ ಅಂಕ ಕಳೆದು, ನಿನ್ನೆ ಅವನನ್ನು ಪಾಸು ಮಾಡಿದ್ದಾರೆ. ನಾನಾಗಿದ್ದರೆ ಇಷ್ಟು ನ್ಯಾಯವಾಗಿ ನಡೆದುಕೊಳ್ಳುತ್ತಿದ್ದೆನೋ ಇಲ್ಲವೋ.

ಇನ್ನು ನೀನು ನೆಮ್ಮದಿಯಾಗಿ ಇರಬಹುದು ಎಂದು ಇಲ್ಲಿಗೆ ಕಾಗದ ಮುಗಿಸಬೇಕಿತ್ತು. ಆಗುತ್ತಿಲ್ಲ.

ಭಾನುವಾರ ನೀನು ರಕ್ಷಿತಾಳನ್ನು ಸೀರೆಗೆ ಕುಚ್ಚು ಹಾಕಿಸುವ ನೆಪ ಹೇಳಿ ಇಲ್ಲಿಗೆ ಕಳಿಸಿದೆ. ಅಕ್ಕನ ಕೈಕಾಲು ಹಿಡಿದು ಒಪ್ಪಿಸಿಕೊಂಡು ಬಾ ಎಂದು ಹೇಳಿದ್ದೆಯಂತೆ. ಸೀರೆಯ ಚೀಲ ಇನ್ನೂ ಬಾಗಿಲ ಹಿಂದೆಯೇ ಇದೆ. ಬಂದ ರಾತ್ರಿ ಊಟ ಮಾಡುತ್ತಾ ಅವಳು ನನ್ನನ್ನು ಒಂದು ಮಾತು ಕೇಳಿದಳು. ಆಗುವುದಿಲ್ಲ ಎಂದೆ. ನಿನಗೋಸ್ಕರ ಕೂಡ ಆಗುವುದಿಲ್ಲ ಎಂದೆ. ಅವಳು ಅತ್ತಳು, ನಾನು ಗದರಿದೆ. ನಿನ್ನೆ ಕಾಲೇಜಿನಿಂದ ಬಂದು ಹುಡುಗ ಪಾಸಾದ ಎಂದು ಹೇಳಿದಾಗ ಅವಳು ತಟ್ಟೆಯ ಮುಂದೆ ಹಾಗೇ ಕೂತುಬಿಟ್ಟಳು. ಬಡಿಸಿದ ಮುದ್ದೆ ಆರಿಹೋಯಿತು. ಅವಳನ್ನು ಎತ್ತಿ ಆಡಿಸಿದವಳು ನಾನು. ಆದರೂ ಅವಳ ಬದಲು ನಾನು ಮಾತಾಡುವುದಿಲ್ಲ. ನಾನು ಏನು ಹೇಳಿದರೂ, ಮದುವೆಯಾಗದ ಅಕ್ಕನ ಹೊಟ್ಟೆಕಿಚ್ಚು ಎಂದೇ ಜನ ಓದಿಕೊಳ್ಳುತ್ತಾರೆ. ನೀನೂ ಒಂದು ಗಳಿಗೆಯಾದರೂ ಹಾಗೆ ಓದಿಕೊಳ್ಳಬಹುದು ಎನ್ನುವುದೇ ನನ್ನ ಭಯ.

ಅದಕ್ಕೇ ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. ಕೆಳಗೆ ಜಾಗ ಬಿಟ್ಟಿದ್ದೇನೆ, ಬರೆಯುವುದು ಬಿಡುವುದು ಅವಳಿಗೆ ಸೇರಿದ್ದು. ಅವಳು ಬರೆಯದೆ ಹಾಗೇ ತಂದುಕೊಟ್ಟರೆ, ನೀನು ಹುಡುಗ ಪಾಸಾದ ಸುದ್ದಿ ಓದಿ ಸಂತೋಷಪಡು, ನಾನೂ ಮದುವೆಗೆ ಬಂದು ಬಡಿಸುತ್ತೇನೆ. ಅಪ್ಪನಿಗೆ ಬಿ.ಪಿ. ಮಾತ್ರೆ ಮರೆಯಬೇಡ ಎಂದು ಹೇಳು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಸುಸ್ತಾದ ದೊಡ್ಡ ಮಗಳು,
ಮೇಘನಾ

ಮರೆತ ಮಾತು: ಅಮ್ಮ, ಇದು ಅಕ್ಕನ ಅಕ್ಷರವಲ್ಲ, ನನ್ನದು. ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಶಶಿಕಿರಣನನ್ನು ಪಾಸು ಮಾಡು ಎಂದು ನಾನು ಅಕ್ಕನನ್ನು ಕೇಳಲಿಲ್ಲ. ಫೇಲು ಮಾಡು ಎಂದು ಕೇಳಿಕೊಂಡೆ. ಅವನು ಫೇಲಾದರೆ ಅವರೇ ಬೇಡ ಎನ್ನುತ್ತಾರೆ, ನಾನು ಬಾಯಿ ಬಿಡುವುದು ತಪ್ಪುತ್ತದೆ ಎಂದುಕೊಂಡಿದ್ದೆ. ನನಗೆ ಈ ಮದುವೆ ಬೇಡ ಅಮ್ಮ. ರುದ್ರಪ್ರಸಾದ್ ಅವರು ಕೆಟ್ಟವರಲ್ಲ, ಬೇರೆ ಯಾರೂ ನನ್ನ ಮನಸ್ಸಿನಲ್ಲಿ ಇಲ್ಲ. ಅವರ ಜೊತೆ ಬದುಕಲು ನನಗೆ ಇಷ್ಟವಿಲ್ಲ, ಅಷ್ಟೇ. ಉಂಗುರ ತೊಡಿಸುವಾಗಲೇ ಹೇಳಬೇಕಿತ್ತು, ನೀನು ಎಷ್ಟೋ ವರ್ಷದ ಮೇಲೆ ಅಷ್ಟು ನಗುತ್ತಿದ್ದೆ, ಬಾಯಿ ಬರಲಿಲ್ಲ. ಇದನ್ನು ನೀನು ಓದುವಾಗ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತೇನೆ. ಬೈದರೂ ಸರಿ, ನನ್ನನ್ನು ನೋಡಿ ಬೈಯಿ. — ರಕ್ಷಿತಾ