ಅಶ್ಕರನ ಬೆರಳಿನ ಪಟ್ಟಿ

ಹವಲ್ಲಿ, ಕುವೈತ್
೧೪ ಮಾರ್ಚ್ ೧೯೯೮

ಪ್ರೀತಿಯ ಶಮೀಮಾಳಿಗೆ ಸಲಾಂ.

ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೇಜಾರು ಮಾಡಬೇಡ. ಕೊನೆಯಲ್ಲಿ "ಈ ವರ್ಷವಾದರೂ ಆಡಿದಿರಾ?" ಎಂದು ಕೇಳಿದ್ದೆ. ಇಲ್ಲ ಎಂದು ಬರೆಯಲು ಮನಸ್ಸಾಗದೆ ತಡಮಾಡಿದೆ. ನಿನ್ನೆ ಆಡಿದೆ.

ಬದಲಿ ವಿಕೆಟ್ ಕೀಪರನ ಕೆಲಸ ನಿನಗೆ ಗೊತ್ತಲ್ಲ. ಶುಕ್ರವಾರ ಬೆಳಿಗ್ಗೆ ಸಬ್ಹಾನಿನ ಗೋದಾಮುಗಳ ಹಿಂದಿನ ಬಯಲಿನಲ್ಲಿ ಪಿಚ್ಚಿಗೆ ಚಾಪೆ ಹಾಸುವುದು, ಬೌಲರುಗಳ ಕೈ ಪಳಗುವವರೆಗೆ ಅವರ ಚೆಂಡು ಹಿಡಿಯುವುದು, ಆಮೇಲೆ ಮುಖ್ಯ ಕೀಪರ್ ಅಶ್ಕರನ ಬೆರಳುಗಳಿಗೆ ಪಟ್ಟಿ ಸುತ್ತಿ ಅವನನ್ನು ಆಡಲು ಕಳಿಸುವುದು. ತನ್ನ ಕೈಗೆ ತಾನೇ ಸುತ್ತಿಕೊಂಡರೆ ಬಿಗಿ ಬರುವುದಿಲ್ಲ. ಅದಕ್ಕೆ ನಾನು ಬೇಕು. ಮುಂದಿನ ವರ್ಷ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆಂದು ಕ್ಯಾಪ್ಟನ್ ಜೋಕಿಮ್ ಮೊದಲೇ ಹೇಳಿದ್ದ. ನಿನ್ನೆಯದು ಕೊನೆಯ ಪಂದ್ಯ.

ನಿನ್ನೆ ಅಶ್ಕರ್ ಪಟ್ಟಿ ಸುತ್ತಿಕೊಂಡೇ ಬಂದ. ಉಂಗುರದ ಬೆರಳಿಗೆ ಮಾತ್ರ. ಪೆಟ್ಟಾದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಕಟ್ಟಬೇಕೆಂದು ಅವನಿಗೆ ಕಲಿಸಿದವನೇ ನಾನು.

"ಕೊಡು ಇಲ್ಲಿ, ಸರಿ ಕಟ್ತೇನೆ."

"ಬೇಡ ಬಾವಾಕಾ, ಮುಟ್ಟಿದ್ರೆ ಜೀವ ಹೋಗ್ತದೆ," ಎಂದು ಕೈ ಹಿಂದಕ್ಕೆಳೆದುಕೊಂಡ.

"ಎಂತ ಮಾರಾಯ, ನಿನ್ನನ್ನು ಕಾಗದ ಕೊಟ್ಟು ಕರೀಬೇಕಾ? ಯಲ್ಲಾ, ಪ್ಯಾಡ್ ಕಟ್ಟು," ಎಂದು ಜೋಕಿಮ್ ನನ್ನನ್ನು ಕರೆದ. ಕೀಪರನ ಬೆರಳು ಕೆಟ್ಟರೆ ಕ್ಯಾಪ್ಟನ್ ಕೂಗಾಡಬೇಕು. ಅವನು ನಗುತ್ತಿದ್ದ.

ಎರಡು ಕ್ಯಾಚ್ ಹಿಡಿದೆ, ಒಂದು ಬಿಟ್ಟೆ. ಸ್ಟಂಪಿನ ಹಿಂದೆ ಕುಕ್ಕರಿಸಿದಾಗಲೆಲ್ಲ ಕಣ್ಣು ಗೆರೆಯಾಚೆ ಕೂತಿದ್ದ ಆ ಕೈಯ ಕಡೆಗೇ ಹೋಗುತ್ತಿತ್ತು. ಗೆದ್ದೆವು. ಫೋಟೋದಲ್ಲಿ ನನ್ನನ್ನು ನಡುವೆ ನಿಲ್ಲಿಸಿದರು. ಎಲ್ಲರೂ ಬೆನ್ನು ತಟ್ಟಿದರು, ಸ್ವಲ್ಪ ಹೆಚ್ಚೇ.

ಇಲ್ಲಿ ಸೆಕೆ ಶುರುವಾಗಿದೆ. ಉಮ್ಮನ ಮೊಣಕಾಲಿಗೆ ಮುಲಾಮು ಕಳಿಸುತ್ತೇನೆ. ಫೋಟೋ ತೊಳೆದು ಬಂದರೆ ಅದೂ ಅದರ ಜೊತೆಗೆ. ಅಲ್ಲಾಹನು ನಿಮ್ಮನ್ನೆಲ್ಲ ಸುಖವಾಗಿಟ್ಟಿರಲಿ.

ನಿನ್ನ
ಬಾವಾಕುಂಞಿ

ಬರೆಯಲೋ ಬೇಡವೋ ಎಂದಿದ್ದೆ: ಪಂದ್ಯ ಮುಗಿದ ಮೇಲೆ ಅಶ್ಕರ್ ಚಾಪೆ ಸುತ್ತಿ, ಎರಡೂ ಕೈಯಿಂದ ಎತ್ತಿ ಹೆಗಲಿಗೇರಿಸಿಕೊಂಡ. ಪಟ್ಟಿ ಜಾರಿ ಮರಳಿಗೆ ಬಿತ್ತು. ಬೆರಳು ಊದಿರಲಿಲ್ಲ, ಕೆಂಪಾಗಿಯೂ ಇರಲಿಲ್ಲ. ಹೋದ ತಿಂಗಳು ರಜೆಯಲ್ಲಿ ಊರಿಗೆ ಬಂದಾಗ ಅವನು ನಮ್ಮ ಮನೆಗೂ ಬಂದಿದ್ದ. ಇಲ್ಲಿಗೆ ವಾಪಸಾದ ಮೇಲೆ, ನೀನು ಪತ್ತಿರಿ ಬಡಿಸಿದೆಯೆಂದು ಹೊಗಳಿದ್ದ. ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, "ಎಂತ ಇಲ್ಲ, ಆಟದ ವಿಷಯ" ಅಂದಿದ್ದ. ನನಗೊಂದು ಪಂದ್ಯ ಬಿಟ್ಟುಕೊಡೆಂದು ನೀನೇ ಅವನಲ್ಲಿ ಕೇಳಿಕೊಂಡಿದ್ದರೆ ಈ ಕಾಗದಕ್ಕೆ ಉತ್ತರ ಬರೆಯಬೇಡ. ಇಲ್ಲವಾದರೆ ಬೇಗ ಬರೆ.