ಎರಡನೆಯ ಸ್ಟೂಲಿನಲ್ಲಿ ಕೂತವಳು

ಮನೆ, ಮಹಡಿಯ ಕೋಣೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವಾಂತಿ ನಿಂತಿತೇ? ಊಟ ಸೇರುತ್ತಿದೆಯೇ? ಹೊಟ್ಟೆ ಎದ್ದು ಕಾಣುವವರೆಗೂ ಸುದ್ದಿ ಬಚ್ಚಿಟ್ಟುಕೊಂಡಿದ್ದೀಯಲ್ಲ, ನಿನ್ನ ಗುಟ್ಟಿನ ಬುದ್ಧಿ ಈ ಜನ್ಮದಲ್ಲಿ ಬಿಟ್ಟುಹೋಗುವಂಥದ್ದಲ್ಲ ಬಿಡು. ಭಾರ ಎತ್ತುವ ಕೆಲಸವೆಲ್ಲ ಇನ್ನು ಭಾವನವರದೇ ಎಂದು ನಾನು ಹೇಳಿದೆನೆಂದು ಅವರಿಗೆ ಹೇಳು. ನೀವಿರುವ ಕಡೆ ಫೋನು ಸಿಗುವುದಿಲ್ಲ. ಆ ದಾರಿಯಾಗಿ ಹೋಗುವ ಪಕ್ಕದ ಮನೆಯ ಲಾರಿ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಕಾಗದ ಬರುವ ಹಿಂದಿನ ದಿನದವರೆಗೂ ನಾನು ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದೆ. ಗಾಬರಿಯಾಗಬೇಡ, ಈಗ ಅವರು ಮನೆಗೆ ಬಂದಿದ್ದಾರೆ, ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಅಪ್ಪನ ಕೆಲಸದ ಕೋಣೆ ನೀನು ಬಿಟ್ಟುಹೋದಂತೆಯೇ ಇದೆ. ಹಳೆಯ ಕಟ್ಟಡಗಳ ಬಣ್ಣದ ಗಾಜಿನ ಕಿಟಕಿಗಳು ಗೋಡೆಗೊರಗಿ ನಿಂತಿರುತ್ತವೆ, ಅಪ್ಪ ಸೀಸದ ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದೊಂದೇ ಗಾಜನ್ನು ಕೂರಿಸಿ ಬೆಸುಗೆ ಹಾಕುತ್ತಿರುತ್ತಾರೆ. ಹೋದ ವರ್ಷದಿಂದ ಅವರಿಗೆ ಹೊಟ್ಟೆನೋವು, ಮರೆವು. ವಯಸ್ಸಾಯಿತು ಎಂದುಕೊಂಡೆ. ಆಮೇಲೆ ಮಣಿಕಟ್ಟು ಸೋತು, ಕೈ ಬಾಡಿದ ಎಲೆಯ ಹಾಗೆ ಜೋಲತೊಡಗಿತು. ಒಂದು ದಿನ ಸಂಜೆ ಕಾಫಿ ಕೊಡಲು ಹೋದಾಗ ಅಪ್ಪ ತಮ್ಮ ಸ್ಟೂಲಿನ ಪಕ್ಕ ಇನ್ನೊಂದು ಸ್ಟೂಲು ಎಳೆದುಕೊಂಡು, ಕೆಂಪು ಗಾಜಿನ ಚೂರುಗಳನ್ನು ಆರಿಸಿ ಅದರ ಮೇಲೆ ಇಡುತ್ತಿದ್ದರು. ನಡುನಡುವೆ ತಲೆ ಎತ್ತಿ, ಯಾರೋ ಹೇಳುವುದನ್ನು ಕೇಳಿಸಿಕೊಂಡವರಂತೆ ಹೂಂಗುಟ್ಟುತ್ತಿದ್ದರು. ನಾನು ಚೂರುಗಳನ್ನು ಸರಿಸಿ ಆ ಸ್ಟೂಲಿನ ಮೇಲೆ ಕೂತೆ. ಅಪ್ಪ ಕೋಪಮಾಡಿಕೊಳ್ಳಲಿಲ್ಲ. ಮೆಲ್ಲಗೆ, ಪರಿಚಯದವರ ಮುಂದೆ ಮಗಳು ತಪ್ಪು ಮಾಡಿದಳೆಂಬ ನಾಚಿಕೆಯಿಂದ ಹೇಳಿದರು: "ಏಳು ಮಗಳೇ, ಅವಳ ತೊಡೆ ಮೇಲೆ ಕೂತಿದ್ದೀಯ."

ಅಕ್ಕಾ, ನಾನು ದೆವ್ವಭೂತ ನಂಬುವವಳಲ್ಲ. ಆದರೆ ಎದ್ದೆ. ಕೈಯಲ್ಲಿದ್ದ ಕಾಫಿ ಚೆಲ್ಲುವಷ್ಟು ಬೇಗ ಎದ್ದೆ. ಅಮ್ಮ ಬರುತ್ತಾಳೇನಪ್ಪ ಎಂದು ಕೇಳಿದೆ. ಅಮ್ಮ ಹೋದಾಗಿನಿಂದ ಅಪ್ಪ ಒಬ್ಬರೇ ಮಾತಾಡಿಕೊಳ್ಳುವುದು ನಿನಗೂ ಗೊತ್ತಲ್ಲ. "ನಿಮ್ಮಮ್ಮ ಆಗಿದ್ರೆ ಇಷ್ಟೊತ್ತು ಬಾಯಿ ಮುಚ್ಕೊಂಡು ಕೂತಿರ್ತಿದ್ಲಾ?" ಎಂದು ನಕ್ಕರು. ನಗುವಾಗ ಅವರ ಒಸಡು ಕಂಡಿತು. ಹಲ್ಲಿನ ಬುಡದಲ್ಲಿ ಮಸಿಯಿಂದ ಎಳೆದ ಹಾಗೆ ತೆಳ್ಳನೆಯ ನೀಲಿ ಗೆರೆ, ಸೀಸದ ವಿಷ ಮೈಗೇರಿದವರಲ್ಲಿ ಕಾಣುವಂಥದ್ದು. ಆ ಹೆಂಗಸಿಗಿಂತ ಆ ಗೆರೆಗೇ ನಾನು ಹೆಚ್ಚು ಹೆದರಿದೆ, ಏಕೆಂದರೆ ಅದು ನನಗೂ ಕಾಣಿಸುತ್ತಿತ್ತು.

ನಾನು ಪ್ರಯೋಗಾಲಯದಲ್ಲಿ ಏನು ಮಾಡುತ್ತೇನೆಂದು ಕೇಳುತ್ತಲೇ ಇರುತ್ತೀಯ. ಮನುಷ್ಯನ ನರದ ಜೀವಕೋಶಗಳನ್ನು ಗಾಜಿನ ಬಟ್ಟಲಲ್ಲಿ ಸಾಕುವುದು ನನ್ನ ಕೆಲಸ. ಹಸುಗೂಸಿನ ಆರೈಕೆಯ ಹಾಗೆಯೇ, ಬೆಚ್ಚಗಿರಬೇಕು, ಹೊತ್ತಿಗೆ ಸರಿಯಾಗಿ ಉಣಿಸಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಒಂದರತ್ತ ಒಂದು ಕೈ ಚಾಚಿಕೊಂಡಿರುತ್ತವೆ. ಸೀಸದ ನೀರು ಬಿಟ್ಟರೆ ಮೊದಲು ಕೈಗಳನ್ನು ಎಳೆದುಕೊಳ್ಳುತ್ತವೆ, ಮುದುಡುತ್ತವೆ, ಆಮೇಲೆ ತಳದಿಂದ ಬಿಟ್ಟು ತೇಲುತ್ತವೆ. ಆದರೆ ಈರುಳ್ಳಿ ಸಿಪ್ಪೆಯಿಂದ ತೆಗೆದ ಹಳದಿ ಸತ್ವವನ್ನು ಮೊದಲೇ ಉಣಿಸಿದ್ದ ಬಟ್ಟಲಿನಲ್ಲಿ, ಅದೇ ಸೀಸದಲ್ಲಿ ಮುಳುಗಿದ್ದರೂ, ಬಹಳಷ್ಟು ಕೋಶಗಳು ಹಿಡಿದ ಕೈ ಬಿಡುವುದಿಲ್ಲ. ಮೊದಲ ಸಲ ಅದನ್ನು ಕಂಡ ದಿನ ನಾನು ಅತ್ತಿದ್ದೆ.

ಹಾಗಾಗಿ ನಾನು ಏನು ಮಾಡಿರಬಹುದೆಂದು ನೀನೇ ಊಹಿಸು. ತರಕಾರಿ ಅಂಗಡಿಯಿಂದ ಚೀಲಗಟ್ಟಲೆ ಸಿಪ್ಪೆ ತಂದು ಕುದಿಸಿದೆ. ಮನೆಯೆಲ್ಲ ನಾರುತ್ತಿತ್ತು. ಅಪ್ಪ ಮೂಗು ಮುಚ್ಚಿಕೊಂಡು ಕುಡಿದರು. ಎರಡು ದಿನ ಕೈ ಸ್ವಲ್ಪ ಗಟ್ಟಿಯಾದಂತೆ ಕಂಡಿತು, ನಾನು ಹಿರಿಹಿರಿ ಹಿಗ್ಗಿದೆ. ಮೂರನೆಯ ದಿನ ಅಪ್ಪ ಕಷಾಯದ ಲೋಟದ ಅರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಪಕ್ಕದ ಸ್ಟೂಲಿನ ಮೇಲಿಟ್ಟರು. ಅವಳಿಗೂ ಸೀಸ ಹತ್ತಿದೆಯಂತೆ, ಅವಳಿಗೂ ಬೇಕಂತೆ. ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಆ ಲೋಟ ಖಾಲಿಯಾಗಿತ್ತು. ಅಪ್ಪನೇ ಕುಡಿದಿರಬೇಕು. ಬೇರೆ ಯಾರು ಕುಡಿಯುತ್ತಾರೆ?

ಮರುದಿನ ನಮ್ಮ ಪ್ರಯೋಗಾಲಯದ ಹಿರಿಯರ ಹತ್ತಿರ ಎಲ್ಲವನ್ನೂ ಹೇಳಿದೆ. ಹಿಂದಿನಿಂದ ನಾವು ಅವರನ್ನು ಕೆಮ್ಮು ಮೇಷ್ಟ್ರು ಎನ್ನುತ್ತೇವೆ. ಅಂದು ಅವರು ಕೆಮ್ಮುವುದನ್ನೂ ಮರೆತರು. "ಬಟ್ಟಲಲ್ಲಿ ಕೋಶದ ಬಾಯಿಗೇ ಔಷಧಿ ಇಡ್ತೀವಿ. ಮನುಷ್ಯನಿಗೆ ಹೊಟ್ಟೆ ಇದೆ, ರಕ್ತ ಇದೆ, ಮೂಳೆ ಇದೆ. ನಿನ್ನ ಕಷಾಯ ಅಲ್ಲೀವರೆಗೆ ಹೋಗೋದೇ ಇಲ್ಲ. ಈಗಲೇ ಆಸ್ಪತ್ರೆಗೆ ಕರ್ಕೊಂಡ್ಹೋಗು," ಎಂದು ತಮ್ಮ ಕಾರಿನ ಬೀಗದಕೈ ನನ್ನ ಕೈಗಿಟ್ಟರು.

ರಕ್ತ ನೋಡಿದ ಡಾಕ್ಟರಮ್ಮ ಅಪ್ಪ ನಡೆದುಕೊಂಡು ಬಂದದ್ದೇ ಆಶ್ಚರ್ಯ ಎಂದರು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಯನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು. ಆ ವಾರವೆಲ್ಲ ಅಪ್ಪ ಮಂಚದ ಬಲತುದಿಗೆ ಸರಿದೇ ಮಲಗುತ್ತಿದ್ದರು, ಎಡಗಡೆ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು. ಹಾಸಿಗೆ ಬದಲಿಸಲು ಬಂದ ನರ್ಸ್ ಆ ಜಾಗವನ್ನು ಮುಟ್ಟಿ, ಬೆಚ್ಚಗಿದೆಯಲ್ಲ, ಇಲ್ಲಿ ಯಾರಾದರೂ ಮಲಗಿದ್ದರೇ ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಆಮೇಲೊಂದು ಬೆಳಿಗ್ಗೆ ಅಪ್ಪ ಮಂಚದ ನಡುವೆ ಕೈಕಾಲು ಚಾಚಿ ಮಲಗಿದ್ದರು. ನನ್ನ ಹೆಸರು ಹಿಡಿದು ಕರೆದರು. ಹಸಿವು ಎಂದರು.

ಈಗ ಕೋಣೆಗೆ ಬೀಗ ಹಾಕಿದ್ದೇನೆ. ಕಿಟಕಿಗಳನ್ನು ಅವುಗಳ ಒಡೆಯರು ತೆಗೆದುಕೊಂಡು ಹೋದರು. ಅಪ್ಪನಿಗೆ ಕೆಲಸ ಬಿಟ್ಟ ದುಃಖವಿದೆ, ಜೊತೆಗಿದ್ದವಳು ಹೋದ ದುಃಖವೂ ಇದೆ ಎಂದು ನನ್ನ ಅನಿಸಿಕೆ. ಊಟಕ್ಕೆ ಕೂತಾಗ ಒಮ್ಮೊಮ್ಮೆ ಪಕ್ಕಕ್ಕೆ ನೋಡಿ, ಮತ್ತೆ ತಟ್ಟೆಯ ಕಡೆ ತಿರುಗುತ್ತಾರೆ. ಕೈ ಮಾತ್ರ ದಿನದಿನಕ್ಕೆ ಏಳುತ್ತಿದೆ. ನಿನ್ನೆ ಚಮಚ ತಾವೇ ಹಿಡಿದರು.

ಭಾವನವರಿಗೆ ನನ್ನ ನಮಸ್ಕಾರ. ಅಪ್ಪನ ಆಶೀರ್ವಾದ ನಿಮ್ಮಿಬ್ಬರ ಮೇಲೂ, ಬರಲಿರುವ ಆ ಪುಟ್ಟ ಜೀವದ ಮೇಲೂ ಇರಲಿ.

ನಿನ್ನ
ಗುಬ್ಬಿ

ಮ.ವಿ.: ಲಾರಿ ಕೆಳಗೆ ಹಾರ್ನ್ ಹೊಡೆಯುತ್ತಿದೆ. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನನ್ನ ರಕ್ತದಲ್ಲೂ ಸೀಸವಿದೆ. ನಾನು ಹಾಸ್ಟೆಲಿಗೆ ಹೋದವಳು, ಸ್ವಲ್ಪದರಲ್ಲಿ ಉಳಿದೆ. ನೀನು ಮದುವೆಯಾಗುವವರೆಗೂ ಅಪ್ಪನ ಪಕ್ಕ ಕೂತು ಗಾಜು ಎತ್ತಿಕೊಟ್ಟವಳು. ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದಂತೆ. ಹೊಟ್ಟೆಯ ಕೂಸು ಮೂಳೆ ಕಟ್ಟಿಕೊಳ್ಳಲು ತಾಯಿಯ ಮೂಳೆಯಿಂದ ಸುಣ್ಣದ ಅಂಶ ಎಳೆದುಕೊಳ್ಳುವಾಗ, ಅದೂ ಎದ್ದು ಜೊತೆಗೆ ಹೊರಡುತ್ತದಂತೆ. ಸಿಪ್ಪೆ ಗಿಪ್ಪೆ ಕುದಿಸಬೇಡ, ಡಾಕ್ಟರಿಗೆ ಈ ಕಾಗದ ತೋರಿಸು. ಇನ್ನೊಂದು ಮಾತು. ಅವಳು ಎಲ್ಲಿಗೆ ಹೋದಳಪ್ಪ ಎಂದು ಆಸ್ಪತ್ರೆಯಲ್ಲಿ ಸುಮ್ಮನೆ ಕೇಳಿದ್ದೆ. "ದೊಡ್ಡವಳ ಹತ್ರ ಹೋಗ್ತೀನಿ, ಅಲ್ಲಿ ಮಗು ಬರ್ತಾ ಇದೆ ಅಂದ್ಳು," ಎಂದರು. ಆಗ ನಿನ್ನ ಕಾಗದ ಇನ್ನೂ ಬಂದಿರಲಿಲ್ಲ. ನಾಳೆಯೇ ಹೋಗಿ ರಕ್ತ ಪರೀಕ್ಷೆ ಮಾಡಿಸು, ಅಕ್ಕಾ.