ಅಟ್ಟದ ಮೇಲಿನ ಹಸಿ ಮಡಕೆಗಳು

ಶನಿವಾರ, ಮಾರ್ಚ್ ೧೪

ನಾಳೆ ಬೆಳಗ್ಗೆ ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕಬೇಕು. ಈ ಕಣಜದ ಹುಳ ನೋಡಿದರೆ ಇವತ್ತೇ ಗೂಡು ಕಟ್ಟಿ ಕೂತಿದೆ, ಅದೂ ಹೂವಿನಂಗಡಿಯವರು ಹೇಳಿ ಮಾಡಿಸಿದ ದೊಡ್ಡ ಹಸಿ ಮಡಕೆಯ ಕಂಠದೊಳಗೆ. ಬೆಳಗಿನಿಂದ ನಾನು ಕಲಸಿಟ್ಟ ಮಣ್ಣನ್ನೇ ಕದ್ದು ಒಯ್ಯುತ್ತಿತ್ತು, ಕಳ್ಳ ಹುಳ. ಗೂಡಾದರೂ ಎಂಥದ್ದು! ಗೋಲಿಯಷ್ಟು ಕೊಡ, ಹೊರಕ್ಕೆ ಬಾಗಿದ ಪುಟ್ಟ ಬಾಯಿ. ಅಪ್ಪ ತನ್ನ ಕೊಡಗಳಿಗೆ ಕೊಡುತ್ತಿದ್ದ ಬಾಯಿ ಥೇಟ್ ಇದೇ. "ನಂಗೆ ಕಲಿಸಿದ್ದೇ ಆ ಹುಳ" ಅನ್ನುತ್ತಿದ್ದ. ತಮಾಷೆ ಅಂದುಕೊಂಡಿದ್ದೆ.

"ಕೆರೆದು ಬಿಸಾಕು, ಅದಕ್ಕೂ ಇಷ್ಟು ಯೋಚ್ನೆನಾ?" ಅಂದರು ಅತ್ತಿಗೆ. ಕಡ್ಡಿ ಹಿಡಿದು ನಿಂತೆ, ಕೈ ಬರಲಿಲ್ಲ.

ಅಪ್ಪ ಆವಿಗೆ ಜೋಡಿಸುವಾಗ ಎಷ್ಟೋ ಸಲ ಒಂದು ಮಡಕೆ ಹೊರಗೇ ಉಳಿದುಬಿಡುತ್ತಿತ್ತು. "ಇವರ ಮರೆವಿಗೆ ಮದ್ದಿಲ್ಲ" ಎಂದು ಅಮ್ಮ ಗೊಣಗುತ್ತಿದ್ದಳು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅಪ್ಪನೂ ನಮ್ಮ ಜೊತೆ ನಗುತ್ತಾ ಅದನ್ನು ಅಟ್ಟಕ್ಕೆ ಏರಿಸುತ್ತಿದ್ದ. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಅವು ಅಲ್ಲೇ ಇವೆ.

ಸಂಜೆ ಏಣಿ ಹಾಕಿ ಹತ್ತಿದೆ. ಒಂದೊಂದನ್ನೇ ಇಳಿಸಿ, ಧೂಳು ಒರೆಸಿ, ಕಂಠದೊಳಗೆ ಬೆರಳಾಡಿಸಿದೆ. ಏಳು ಮಡಕೆ. ಏಳರಲ್ಲೂ ಗೋಲಿಯಷ್ಟು ಗೂಡು, ಅದರ ಮಗ್ಗುಲಲ್ಲಿ ಮರಿ ಕೊರೆದು ಹಾರಿಹೋದ ತೂತು.

ಮರೆವಂತೆ ಮರೆವು! ಅಷ್ಟು ವರ್ಷ ನಕ್ಕೆವಲ್ಲಪ್ಪ, ಒಂದು ಮಾತು ಹೇಳಬಾರದಿತ್ತಾ?

ಕಣ್ಣು ಎಳೆಯುತ್ತಿದೆ. ನಾಳೆ ದೊಡ್ಡ ಮಡಕೆ ಯಾಕೆ ಹೊರಗುಳಿಯಿತು ಎಂದು ಅತ್ತಿಗೆ ಕೇಳಿದರೆ, ಮರೆತುಹೋಯಿತು ಅನ್ನುತ್ತೇನೆ.